ಈ ಪುಸ್ತಕ ಪುಕ್ಕಟೆ ಯಾಕೆ?

ತುಮಕೂರಿನಿಂದ ಬೆಂಗಳೂರಿಗೆ ಬೆಳಗಿನ ರೈಲಿನಲ್ಲಿ ಓಡಾಡುವವರಿಗೆ ಗೊತ್ತು, ಕ್ಯಾತ್ಸಂದ್ರ ದಾಟುವ ಹೊತ್ತಿಗೆ ಬೋಗಿಯಲ್ಲಿ ಎಲ್ಲರ ತಲೆ ಬಗ್ಗಿರುತ್ತದೆ. ಅರ್ಧ ಜನಕ್ಕೆ ನಿದ್ದೆ, ಉಳಿದವರಿಗೆ ಫೋನು. ನನ್ನ ಪಕ್ಕ ಆಗಾಗ ಕೂರುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ವಾರಕ್ಕೆರಡು ಸಲ ಮೊಮ್ಮಗಳನ್ನು ನೋಡಲು ಹೋಗುತ್ತಾರೆ. ಅವರದೂ ಫೋನೇ, ಆದರೆ ಅದರಲ್ಲಿ ಪುಸ್ತಕ. ಒಂದು ದಿನ ಖುಷಿಯಿಂದ ನನ್ನ ಕಡೆ ತಿರುಗಿದರು. "ನೋಡಪ್ಪಾ, ಕಗ್ಗ ಪೂರ್ತಿ ಪಿಡಿಎಫ್ ಸಿಕ್ತು. ಗ್ರೂಪಲ್ಲಿ ಯಾರೋ ಹಾಕಿದ್ರು. ನಿನಗೂ ಕಳಿಸ್ಲಾ?"

"ಬೇಡ ಮೇಷ್ಟ್ರೇ" ಅಂದೆ. ಅವರ ಮುಖ ಸಣ್ಣಗಾಯಿತು. ಇಂಟರ್ನೆಟ್‌ನಲ್ಲಿ ಪುಕ್ಕಟೆ ಪುಸ್ತಕ ಎಲ್ಲಿ ಸಿಗುತ್ತೆ ಅಂತ ಊರಿಗೆಲ್ಲ ಹೇಳುತ್ತಾ ತಿರುಗುವವನು ನಾನೇ. ನಾನೇ ಬೇಡ ಅಂದರೆ ಹೇಗೆ? ಆ ದಿನ ಯಶವಂತಪುರ ಬರುವವರೆಗೂ ಇದೇ ಮಾತಾಯಿತು. ಆ ಮಾತನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಪುಸ್ತಕ ಎಲ್ಲಿ ಪುಕ್ಕಟೆ ಸಿಗುತ್ತದೆ ಎಂದು ಹುಡುಕುವ ಮೊದಲು, ಅದು ಪುಕ್ಕಟೆ ಯಾಕಾಯಿತು ಎಂದು ಕೇಳಿಕೊಳ್ಳಬೇಕು. ಬರೆದವರು ತೀರಿಕೊಂಡು ಬಹಳ ಕಾಲವಾಗಿ ಪುಸ್ತಕ ಎಲ್ಲರ ಸ್ವತ್ತಾಗಿರಬಹುದು. ಇಲ್ಲವೇ ಹಕ್ಕುಳ್ಳವರು ಮನಸಾರೆ ಬಿಟ್ಟುಕೊಟ್ಟಿರಬಹುದು. ಇಲ್ಲವೇ ದುಡ್ಡು ಸರ್ಕಾರ ಕೊಟ್ಟಿರುತ್ತದೆ, ಅಂದರೆ ನಾವೇ ಕೊಟ್ಟಿರುತ್ತೇವೆ. ಈ ಮೂರೂ ಅಲ್ಲದಿದ್ದರೆ ಯಾರೋ ಕದ್ದು ಹಾಕಿದ್ದಾರೆ ಅಂತಲೇ ಲೆಕ್ಕ. ಕಾರಣ ಗೊತ್ತಾದರೆ ಎಲ್ಲಿ ಹುಡುಕಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ತೀರಿಕೊಂಡವರ ಲೆಕ್ಕ. ಜಾಸ್ತಿ ಗೊಂದಲ ಇರುವುದೂ ಇಲ್ಲೇ.

ನಮ್ಮ ದೇಶದ ಹಕ್ಕುಸ್ವಾಮ್ಯ ಕಾಯ್ದೆ 1957ರದು. ಅದರ ಪ್ರಕಾರ ಲೇಖಕರು ಬದುಕಿರುವವರೆಗೂ, ಆಮೇಲೆ 60 ವರ್ಷವೂ ಪುಸ್ತಕದ ಹಕ್ಕು ಉಳಿಯುತ್ತದೆ. ಮೊದಲು ಇದು 50 ವರ್ಷ ಇತ್ತು. ರವೀಂದ್ರನಾಥ ಟ್ಯಾಗೋರರು ತೀರಿಕೊಂಡಿದ್ದು 1941ರಲ್ಲಿ. ಅವರ ಬರಹಗಳ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿತ್ತು. ಟ್ಯಾಗೋರರೇ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯದ ಕೈಯಿಂದ ಅದು ತಪ್ಪಿಹೋಗುತ್ತದಲ್ಲ ಎಂಬ ಚರ್ಚೆ ಎದ್ದು, 1992ರ ತಿದ್ದುಪಡಿಯಲ್ಲಿ ಎಲ್ಲರಿಗೂ ಹತ್ತು ವರ್ಷ ಸೇರಿತು. ಒಬ್ಬ ಕವಿಯ ನೆಪದಲ್ಲಿ ಇಡೀ ದೇಶದ ಓದುಗರು ಇನ್ನೊಂದು ದಶಕ ಕಾಯುವಂತಾಯಿತು.

ಎಣಿಸುವ ಕ್ರಮ ಸುಲಭ. ಲೇಖಕರು ತೀರಿಕೊಂಡ ವರ್ಷವನ್ನು ಬಿಟ್ಟು, ಮುಂದಿನ ಜನವರಿ 1ರಿಂದ 60 ವರ್ಷ. ತಿಂಗಳು ತಾರೀಕು ಲೆಕ್ಕಕ್ಕಿಲ್ಲ. ತೀರಿಕೊಂಡ ವರ್ಷಕ್ಕೆ 61 ಕೂಡಿಸಿ. ಬರುವ ವರ್ಷದ ಮೊದಲ ದಿನದಿಂದ ಆ ಪುಸ್ತಕ ಎಲ್ಲರದು.

ಈಗ ನಮ್ಮ ಕಡೆಯವರನ್ನೇ ಇಟ್ಟುಕೊಂಡು ನೋಡೋಣ. ಕಗ್ಗ ಬರೆದ ಡಿವಿಜಿ ಮುಳಬಾಗಿಲಿನವರು. ತೀರಿಕೊಂಡಿದ್ದು 1975ರಲ್ಲಿ. 61 ಕೂಡಿಸಿದರೆ 2036. ಅಂದರೆ ಕಗ್ಗ ಎಷ್ಟೇ ಬಾಯಿಪಾಠವಾಗಿದ್ದರೂ, ಗೋಡೆಗೋಡೆಯ ಮೇಲೆ ಬರೆದಿದ್ದರೂ, ಕಾನೂನಿನ ಕಣ್ಣಿನಲ್ಲಿ 2035ರ ಡಿಸೆಂಬರ್ 31ರವರೆಗೂ ಅದಕ್ಕೆ ಹಕ್ಕುದಾರರಿದ್ದಾರೆ. ಅವರಾಗಿಯೇ ಕೊಟ್ಟರೆ ಬೇರೆ ಮಾತು. ಗ್ರೂಪಿನಲ್ಲಿ ಓಡಾಡುವ ಪಿಡಿಎಫ್‌ಗೆ ಯಾರು ಅನುಮತಿ ಕೊಟ್ಟರು ಅಂತ ಮೇಷ್ಟ್ರಿಗೂ ಗೊತ್ತಿರಲಿಲ್ಲ, ಹಾಕಿದವರಿಗೂ ಗೊತ್ತಿರಲಿಕ್ಕಿಲ್ಲ. ಮಾಲೂರು ಕಡೆಯ ಮಾಸ್ತಿಯವರು ಹೋದದ್ದು 1986ರಲ್ಲಿ. ಅವರ ಕಥೆಗಳಿಗೆ 2047ರವರೆಗೆ ಕಾಯಬೇಕು.

ಅಷ್ಟಕ್ಕೇ ಬೇಜಾರಾಗಬೇಡಿ. ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತೀರಿಕೊಂಡಿದ್ದು 1946ರಲ್ಲಿ. ಅವರ ಬರಹ 2007ರಿಂದಲೇ ಎಲ್ಲರ ಸ್ವತ್ತು. ಇಂಗ್ಲಿಷ್ ಗೀತಗಳನ್ನು ಇಳಿಸಿಕೊಳ್ಳಿ, ಮುದ್ರಿಸಿ, ಶಾಲೆಯಲ್ಲಿ ಹಂಚಿ, ಯಾರೂ ಕೇಳುವ ಹಾಗಿಲ್ಲ. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹೋದದ್ದು 1962ರಲ್ಲಿ. ಅವರು ಇಂಗ್ಲಿಷಿನಲ್ಲಿ ಬರೆದ ಆತ್ಮಕಥೆ, ಯೋಜನೆಯ ಬಗ್ಗೆ ಬರೆದ ಪುಸ್ತಕ, ಎಲ್ಲವೂ 2023ರಿಂದ ಬಿಡುಗಡೆ. ಅವರ ಊರಿನ ಮಕ್ಕಳೇ ಇದನ್ನು ಓದಿರುವುದು ಕಡಿಮೆ ಅಂತ ನನ್ನ ಅನುಮಾನ.

ಇನ್ನೊಬ್ಬರು ತೀ.ನಂ.ಶ್ರೀ. ಹೆಸರಿನ ಮೊದಲಕ್ಷರವೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ. ಅವರು ಹೋದದ್ದು 1966ರಲ್ಲಿ. ಕೂಡಿಸಿ ನೋಡಿ: 2027ರ ಜನವರಿ 1. ಭಾರತೀಯ ಕಾವ್ಯಮೀಮಾಂಸೆಯಂಥ ಪುಸ್ತಕ ಆ ದಿನದಿಂದ ಎಲ್ಲರದು. ಮೇಷ್ಟ್ರು ಇದನ್ನು ಕೇಳಿ ಡೈರಿ ತೆಗೆದು ಗುರುತು ಹಾಕಿಕೊಂಡರು. ಕನ್ನಡ ಎಂ.ಎ. ಮಾಡಿದವರಿಗೆ ಆ ಪುಸ್ತಕದ ಮೇಲೆ ಇರುವ ಪ್ರೀತಿ ಮತ್ತು ಭಯ ಎರಡೂ ಅವರ ಮುಖದಲ್ಲಿ ಕಂಡವು.

ಇಲ್ಲಿ ಒಂದೆರಡು ಎಡವಟ್ಟು ಆಗುವ ಜಾಗ ಇದೆ. ಕುಮಾರವ್ಯಾಸನ ಭಾರತಕ್ಕೆ ಹಕ್ಕು ಕೇಳುವವರು ಯಾರೂ ಇಲ್ಲ, ಸರಿ. ಆದರೆ ಇತ್ತೀಚಿನ ವಿದ್ವಾಂಸರೊಬ್ಬರು ಅದಕ್ಕೆ ಬರೆದ ಗದ್ಯಾನುವಾದ, ಟಿಪ್ಪಣಿ, ಮುನ್ನುಡಿ ಅವರ ಸ್ವಂತ ಬರಹ. ಅದಕ್ಕೆ ಬೇರೆಯದೇ 60 ವರ್ಷ. ಅನುವಾದಕ್ಕೂ ಹಾಗೇ. ಮೂಲ ಲೇಖಕರು ಹೋಗಿ ನೂರು ವರ್ಷವಾಗಿದ್ದರೂ, ಕನ್ನಡಕ್ಕೆ ತಂದವರು ಮೊನ್ನೆ ಮೊನ್ನೆಯವರಾದರೆ ಆ ಕನ್ನಡ ಪುಸ್ತಕ ಪುಕ್ಕಟೆ ಅಲ್ಲ. ಇಬ್ಬರು ಸೇರಿ ಬರೆದಿದ್ದರೆ ಕೊನೆಗೆ ತೀರಿಕೊಂಡವರ ವರ್ಷ ಹಿಡಿಯಬೇಕು. ಲೇಖಕರು ಹೋದ ಮೇಲೆ ಮೊದಲ ಸಲ ಅಚ್ಚಾದ ಪುಸ್ತಕವಾದರೆ ಅಚ್ಚಾದ ವರ್ಷದಿಂದ ಎಣಿಕೆ.

ಇನ್ನೊಂದು ಎಡವಟ್ಟು ದೇಶದ ಗಡಿಯದು. ಇಂಗ್ಲಿಷ್ ಓದುವವರು ಮೊದಲು ಹೋಗುವ ಜಾಗ ಪ್ರಾಜೆಕ್ಟ್ ಗುಟೆನ್‌ಬರ್ಗ್. ಮೈಕೆಲ್ ಹಾರ್ಟ್ ಎಂಬಾತ 1971ರಲ್ಲಿ, ಇಂಟರ್ನೆಟ್ ಅನ್ನುವ ಮಾತೇ ಜನಕ್ಕೆ ಗೊತ್ತಿಲ್ಲದ ಕಾಲದಲ್ಲಿ, ಕಂಪ್ಯೂಟರಿಗೆ ಒಂದು ದಾಖಲೆಯನ್ನು ಟೈಪ್ ಮಾಡಿ ಶುರು ಮಾಡಿದ್ದು. ಈಗ ಅಲ್ಲಿ 70,000ಕ್ಕೂ ಹೆಚ್ಚು ಪುಸ್ತಕಗಳಿವೆ. ಆದರೆ ಅದು ನಡೆಯುವುದು ಅಮೆರಿಕದ ಕಾನೂನಿನ ಪ್ರಕಾರ. ಅಲ್ಲಿ ಹಳೆಯ ಪುಸ್ತಕಗಳಿಗೆ ಲೇಖಕರ ಸಾವಿನಿಂದಲ್ಲ, ಅಚ್ಚಾದಾಗಿನಿಂದ 95 ವರ್ಷ ಎಣಿಸುತ್ತಾರೆ. ಹಾಗಾಗಿ ಜಾರ್ಜ್ ಆರ್ವೆಲ್ 1950ರಲ್ಲೇ ತೀರಿಕೊಂಡರೂ ಅವರ ಕೊನೆಯ ಕಾದಂಬರಿಗಳು ಅಲ್ಲಿ ಇನ್ನೂ ಬಂದಿಯಾಗಿವೆ. ನಮ್ಮಲ್ಲಿ 2011ರಿಂದಲೇ ಬಿಡುಗಡೆ. ಗುಟೆನ್‌ಬರ್ಗ್‌ನ ಆಸ್ಟ್ರೇಲಿಯಾ ಶಾಖೆಯಲ್ಲಿ ಹುಡುಕಿದರೆ ಸಿಗುತ್ತವೆ. ಒಂದೇ ಪುಸ್ತಕ, ಒಂದು ದೇಶದಲ್ಲಿ ಮಾಲು, ಇನ್ನೊಂದರಲ್ಲಿ ಗಾಳಿ ನೀರಿನ ಹಾಗೆ. ವಿಚಿತ್ರ ಅಲ್ವಾ? ಓದಲು ಪುರುಸೊತ್ತಿಲ್ಲದೆ ಕೇಳುವ ಅಭ್ಯಾಸ ಇರುವವರಿಗೆ ಲಿಬ್ರಿವಾಕ್ಸ್ ಇದೆ. ಇದೇ ಬಗೆಯ ಪುಸ್ತಕಗಳನ್ನು ಸ್ವಯಂಸೇವಕರು ಓದಿ ರೆಕಾರ್ಡ್ ಮಾಡಿ ಹಾಕಿರುತ್ತಾರೆ.

ಇಂಗ್ಲಿಷ್ ಪುಸ್ತಕ ಸಿಗುವುದು ಸಲೀಸು. ಕನ್ನಡದ್ದು ಹುಡುಕುವುದರಲ್ಲೇ ಅರ್ಧ ಆಯಸ್ಸು ಹೋಗುತ್ತದೆ ಅನ್ನುವ ದೂರು ನಿಜ. ಪುಸ್ತಕ ಇರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೂ ಒಂದು ಕಥೆ ಇದೆ.

ಈ ಶತಮಾನದ ಶುರುವಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೊತೆ ಸೇರಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ದೊಡ್ಡ ಕೆಲಸಕ್ಕೆ ಕೈ ಹಾಕಿದರು. ದೇಶದ ಬೇರೆ ಬೇರೆ ಗ್ರಂಥಾಲಯಗಳ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿಸಿದರು. ಕನ್ನಡದ ಸಾವಿರಾರು ಪುಸ್ತಕ ಹಾಗೆ ಉಳಿದುಕೊಂಡವು. ಆಮೇಲೆ ಹಕ್ಕುಸ್ವಾಮ್ಯದ ತಕರಾರು ಎದ್ದು ಆ ತಾಣ ನಿಂತುಹೋಯಿತು. ಅಷ್ಟರಲ್ಲಿ ಆ ಸ್ಕ್ಯಾನ್‌ಗಳು ಇಂಟರ್ನೆಟ್ ಆರ್ಕೈವ್‌ಗೆ ಹೋಗಿ ಸೇರಿದ್ದವು. ಅಮೆರಿಕದಲ್ಲಿ ಬ್ರೂಸ್ಟರ್ ಕೇಲ್ 1996ರಲ್ಲಿ ಕಟ್ಟಿದ ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ಅದು. ಇವತ್ತು ಹಳೆಯ ಕನ್ನಡ ಪುಸ್ತಕ ಬೇಕೆಂದರೆ ನಾವು ಹೋಗಬೇಕಾದ ದೊಡ್ಡ ಉಗ್ರಾಣ ಇದೇ.

ತೊಂದರೆ ಏನೆಂದರೆ, ಸ್ಕ್ಯಾನ್ ಮಾಡುವಾಗ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕೈಗೆ ಬಂದ ಹಾಗೆ ಬರೆದಿದ್ದಾರೆ. ದೀರ್ಘಕ್ಕೆ ಒಂದು ಕಡೆ ಎರಡು ಅಕ್ಷರ, ಇನ್ನೊಂದು ಕಡೆ ಒಂದೇ. ಮಹಾಪ್ರಾಣ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಶ, ಷ, ಸ ಮೂರೂ ಒಂದೇ ಆಗಿರುತ್ತವೆ. ನೀವು ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಸೊನ್ನೆ. ಹಾಗಾಗಿ ಹೆಸರಿನ ಒಂದೇ ಒಂದು ಪದ ತೆಗೆದುಕೊಳ್ಳಿ. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಮೂರು ನಾಲ್ಕು ಥರ ಬರೆದು ಹುಡುಕಿ. ಪಕ್ಕದಲ್ಲಿ ಭಾಷೆ ಆರಿಸುವ ಜಾಗದಲ್ಲಿ ಕನ್ನಡ ಅಂತ ಒತ್ತಿ. ಲೇಖಕರ ಹೆಸರಿನಿಂದ ಹುಡುಕುವುದಕ್ಕಿಂತ ಪುಸ್ತಕದ ಹೆಸರಿನಿಂದ ಹುಡುಕುವುದು ವಾಸಿ, ಯಾಕೆಂದರೆ ಲೇಖಕರ ಜಾಗ ಎಷ್ಟೋ ಕಡೆ ಖಾಲಿ. ಫೈಲಿನ ಹೆಸರು 2015 ಅಂತ ಶುರುವಾಗಿದ್ದರೆ ಗಾಬರಿ ಬೇಡ. ಅದು ಪುಸ್ತಕ ಅಚ್ಚಾದ ವರ್ಷ ಅಲ್ಲ, ಆ ಸಂಗ್ರಹದ ಗುರುತಿನ ನಂಬರು. ಈ 2015 ನೋಡಿ, ಹೊಸ ಪುಸ್ತಕ ಅಂದುಕೊಂಡು ನಾನೇ ಎಷ್ಟೋ ಒಳ್ಳೆಯ ಹಳೆಯ ಪುಸ್ತಕಗಳನ್ನು ದಾಟಿ ಹೋಗಿದ್ದೆ.

ಈ ತಲೆನೋವು ತಪ್ಪಿಸಲೆಂದೇ ಕನ್ನಡದ ಕೆಲವು ಉತ್ಸಾಹಿಗಳು ಪುಸ್ತಕ ಸಂಚಯ ಎಂಬ ತಾಣ ಕಟ್ಟಿದರು. ಇಂಥ ಸ್ಕ್ಯಾನ್ ಪುಸ್ತಕಗಳ ಪಟ್ಟಿಯನ್ನು ಕನ್ನಡ ಲಿಪಿಗೆ ತಂದು ಹುಡುಕುವ ಹಾಗೆ ಮಾಡಿದ್ದಾರೆ. ಅವರದೇ ವಚನ ಸಂಚಯವೂ ಇದೆ. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನದಲ್ಲಿ ಬಂದಿದೆ ಎಂದು ತೋರಿಸುತ್ತದೆ. ಭಾಷಣಕ್ಕೆ ಒಂದು ವಚನ ಬೇಕು ಅಂತ ಸುಮ್ನೆ ಒಳಗೆ ಹೋದವರು ಎರಡು ಗಂಟೆ ಹೊರಗೆ ಬರುವುದಿಲ್ಲ.

ಆರ್ಕೈವ್‌ನಲ್ಲಿ ಇದೆ ಅಂದ ಮಾತ್ರಕ್ಕೆ ಪುಕ್ಕಟೆ ಅಂತ ಅಲ್ಲ, ಇದನ್ನು ಮರೆಯಬೇಡಿ. ಅಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಏರಿಸಬಹುದು. 61ರ ಲೆಕ್ಕವನ್ನು ನೀವೇ ಹಾಕಿಕೊಳ್ಳಬೇಕು. ಅಲ್ಲೇ ಹೊಸ ಇಂಗ್ಲಿಷ್ ಪುಸ್ತಕಗಳನ್ನು ಕೆಲವು ದಿನಕ್ಕೆ ಎರವಲು ಕೊಡುವ ವ್ಯವಸ್ಥೆಯೂ ಇತ್ತು. ನಾಲ್ಕು ದೊಡ್ಡ ಪ್ರಕಾಶಕರು 2020ರಲ್ಲಿ ಕೋರ್ಟಿಗೆ ಹೋದರು. 2024ರ ಸೆಪ್ಟೆಂಬರಿನಲ್ಲಿ ಮೇಲಿನ ಕೋರ್ಟಿನಲ್ಲೂ ಆರ್ಕೈವ್ ಸೋತಿತು. ಸುಮಾರು ಐದು ಲಕ್ಷ ಪುಸ್ತಕಗಳನ್ನು ಎರವಲು ಪಟ್ಟಿಯಿಂದ ತೆಗೆಯಬೇಕಾಯಿತು. ಮೊದಲು ಸಿಗುತ್ತಿದ್ದ ಪುಸ್ತಕ ಈಗ ಯಾಕೆ ತೆರೆಯುತ್ತಿಲ್ಲ ಎಂದು ಕೇಳುವವರಿಗೆ ಇದೇ ಉತ್ತರ.

ಮನಸಾರೆ ಬಿಟ್ಟುಕೊಟ್ಟ ಪುಸ್ತಕಗಳದ್ದು ಚಿಕ್ಕ ಲೋಕ, ಆದರೆ ನನಗೆ ಬಹಳ ಇಷ್ಟದ್ದು. ಇಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿ ಬಳಕೆಯಲ್ಲಿದೆ. "ಹಕ್ಕು ನನ್ನದೇ, ಆದರೆ ನನ್ನ ಹೆಸರು ಹೇಳಿ ನೀವು ಓದಿ, ಹಂಚಿ" ಎಂದು ಮೊದಲೇ ಬರೆದುಕೊಟ್ಟ ಹಾಗೆ. ಕಾದಂಬರಿಕಾರ ನಿರಂಜನರು 1992ರಲ್ಲಿ ತೀರಿಕೊಂಡರು. ಲೆಕ್ಕದ ಪ್ರಕಾರ 2053ರವರೆಗೆ ಕಾಯಬೇಕಿತ್ತು. ಅವರ ಮನೆಯವರು 2014ರಲ್ಲಿ 50ಕ್ಕೂ ಹೆಚ್ಚು ಪುಸ್ತಕಗಳನ್ನು ಈ ಪರವಾನಗಿಯಡಿ ಬಿಟ್ಟುಕೊಟ್ಟರು. ಕನ್ನಡ ವಿಕಿಸೋರ್ಸ್ ಇಂಥ ಪುಸ್ತಕಗಳಿಗೆ ಒಳ್ಳೆಯ ಮನೆ. ಅಲ್ಲಿ ಸ್ಕ್ಯಾನ್ ಮಾಡಿದ ಪುಟ ಒಂದು ಕಡೆ, ಟೈಪ್ ಆದ ಅಕ್ಷರ ಇನ್ನೊಂದು ಕಡೆ ಇಟ್ಟುಕೊಂಡು ಸ್ವಯಂಸೇವಕರು ತಪ್ಪು ತಿದ್ದುತ್ತಾರೆ. ಓದುತ್ತಾ ಒಂದು ಕಾಗುಣಿತದ ತಪ್ಪು ಕಂಡರೆ ನೀವೂ ತಿದ್ದಬಹುದು. ಮೇಷ್ಟ್ರಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಈಗ ರೈಲಿನಲ್ಲಿ ಓದುವುದು ಬಿಟ್ಟು ತಿದ್ದುತ್ತಾ ಕೂರುತ್ತಾರೆ. ಮೂವತ್ತು ವರ್ಷದ ಅಭ್ಯಾಸ, ಬಿಡುತ್ತದೆಯೇ?

ಮನೆಯಲ್ಲಿ ಮಕ್ಕಳಿದ್ದರೆ ಸ್ಟೋರಿವೀವರ್ ನೋಡಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು. ಚಿತ್ರ ತುಂಬಿದ ಕನ್ನಡ ಕಥೆಗಳು, ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಇಟ್ಟಿದ್ದಾರೆ. ಬಾಗೇಪಲ್ಲಿ, ಪಾವಗಡದ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಇರುವ ಮಕ್ಕಳಿಗೆ ಇದು ಇನ್ನೂ ಅನುಕೂಲ. ಒಂದೇ ಕಥೆ ಎರಡೂ ಭಾಷೆಯಲ್ಲಿ ಸಿಕ್ಕಿದರೆ ಅಜ್ಜಿಗೊಂದು, ಮೊಮ್ಮಗುವಿಗೊಂದು.

ಇನ್ನು ಸರ್ಕಾರದ್ದು. ಮನೆ ಕಂದಾಯ ಕಟ್ಟಿದ ರಸೀದಿ ಇದ್ದರೆ ಒಮ್ಮೆ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲಿರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದಿದ್ದು, ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6. ಹಾಗಾಗಿ ಸರ್ಕಾರಿ ಗ್ರಂಥಾಲಯದ ಪುಸ್ತಕವನ್ನು ಬಿಟ್ಟಿ ಅನ್ನಬೇಡಿ, ದುಡ್ಡು ಕೊಟ್ಟಾಗಿದೆ, ಓದುವುದೊಂದು ಬಾಕಿ. ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನೂ ತೆರೆದಿದೆ. ಫೋನಿನಲ್ಲಿ ಇ-ಸಾರ್ವಜನಿಕ ಗ್ರಂಥಾಲಯ ಎಂಬ ಆ್ಯಪ್ ಹಾಕಿಕೊಂಡು ಹೆಸರು ನೋಂದಾಯಿಸಿದರೆ ಸಾಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ದುಡ್ಡು ಸುರಿಯುವ ಮೊದಲು ಇಲ್ಲಿ ಒಮ್ಮೆ ಇಣುಕಬೇಕು. ಫೋನ್ ಇಲ್ಲದವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ ಇದೆ.

ಇವಿಷ್ಟೇ ಅಲ್ಲ. ರಾಜ್ಯದ ಪಠ್ಯಪುಸ್ತಕಗಳು, ಎನ್‌ಸಿಇಆರ್‌ಟಿ ಪುಸ್ತಕಗಳು ಆಯಾ ತಾಣದಲ್ಲೇ ಪಿಡಿಎಫ್ ಆಗಿ ಸಿಗುತ್ತವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ನಿಘಂಟುಗಳು ಸಿಗುತ್ತವೆ. ರಾಜ್ಯ ಸರ್ಕಾರದ ಕಣಜ ಎಂಬ ಜ್ಞಾನಕೋಶದ ತಾಣ ಇದೆ. ಖರಗ್‌ಪುರ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಕಾಲೇಜಿನವರಿಗೆ ಒಳ್ಳೆಯದು.

ಕದ್ದ ಮಾಲಿನ ವಿಷಯಕ್ಕೆ ಬರುತ್ತೇನೆ. ಟೆಲಿಗ್ರಾಂ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮೊನ್ನೆ ಬಿಡುಗಡೆಯಾದ ಕಾದಂಬರಿ ಇವತ್ತು ಪಿಡಿಎಫ್ ಆಗಿ ಬಂದಿರುತ್ತದೆ. ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ ಎಂದಿದೆ. ನಿಜ ಹೇಳಬೇಕೆಂದರೆ, ಫಾರ್ವರ್ಡ್ ಮಾಡಿದ ಮೇಷ್ಟ್ರನ್ನು ಹಿಡಿಯಲು ಯಾರೂ ಬರಲಿಕ್ಕಿಲ್ಲ. ನನ್ನ ತಕರಾರು ಜೈಲಿನದಲ್ಲ. ಕನ್ನಡದಲ್ಲಿ ಒಂದು ಪುಸ್ತಕ ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುತ್ತದೆ. ಅದು ಖಾಲಿಯಾಗಲು ವರ್ಷಗಳು ಬೇಕು. ಐನೂರು ಜನರ ಒಂದು ಗುಂಪಿಗೆ ಪಿಡಿಎಫ್ ಹಾಕಿದರೆ ಅರ್ಧ ಮುದ್ರಣವನ್ನು ಮುಳುಗಿಸಿದಂತೆ. ಇಂಗ್ಲಿಷಿನ ದೊಡ್ಡ ಲೇಖಕರಿಗೆ ಇದು ಸೊಳ್ಳೆ ಕಡಿತ, ನಮ್ಮವರಿಗೆ ಹಾಗಲ್ಲ.

ಇನ್ನೊಂದು ಅಪಾಯ ನಮ್ಮ ಜೇಬಿನದು. ಪುಸ್ತಕ ಅಂತ ಬಂದ ಫೈಲಿನ ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಅದು ಪುಸ್ತಕವೇ ಅಲ್ಲ, ಫೋನಿಗೆ ನುಗ್ಗುವ ಆ್ಯಪ್. ಪುಸ್ತಕದ ಫೈಲು ಪಿಡಿಎಫ್ ಅಥವಾ ಇಪಬ್ ಆಗಿರುತ್ತದೆ. "ಪುಕ್ಕಟೆ, ಆದರೆ ಕಾರ್ಡ್ ನಂಬರ್ ಕೊಡಿ" ಅನ್ನುವ ಕಡೆಯಿಂದ ಎದ್ದು ಬನ್ನಿ. ನಾನು ಮೇಲೆ ಹೇಳಿದ ಯಾವ ತಾಣವೂ ಓದಲು ಕಾರ್ಡ್ ಕೇಳುವುದಿಲ್ಲ.

ಪಿಡಿಎಫ್, ಇಪಬ್ ಅಂದೆನಲ್ಲ, ಅದರ ವ್ಯತ್ಯಾಸವನ್ನೂ ಹೇಳಿಬಿಡುತ್ತೇನೆ. ಸ್ಕ್ಯಾನ್ ಪಿಡಿಎಫ್ ಅಂದರೆ ಪುಟದ ಫೋಟೋ. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಓಡುತ್ತದೆ. ಇಪಬ್‌ನಲ್ಲಿ ಅಕ್ಷರ ಎಷ್ಟು ದೊಡ್ಡದಾದರೂ ಸಾಲು ಮಡಚಿಕೊಂಡು ಪರದೆಯೊಳಗೇ ಇರುತ್ತದೆ. ಹಾಗಂತ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕದ ಮುಂದೆ ಇರುವ ಇಪಬ್ ಬಟನ್ ಒತ್ತಬೇಡಿ. ಅದನ್ನು ಯಂತ್ರ ತಾನಾಗಿ ಮಾಡಿರುತ್ತದೆ, ಒತ್ತಕ್ಷರ ಎಲ್ಲ ಕಲಸುಮೇಲೋಗರ. ಪಿಡಿಎಫ್ ತೆಗೆದುಕೊಂಡು ಫೋನನ್ನು ಅಡ್ಡ ಹಿಡಿದು ಓದುವುದೇ ಸದ್ಯಕ್ಕೆ ಉತ್ತಮ. ಕಣ್ಣು ಮಂಜಾದವರಿಗೆ ಒಂದು ಉಪಾಯವಿದೆ. ಒಂದೆರಡು ಪುಟವನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ಗುರುತಿಸಿ ಕೊಡುತ್ತದೆ. ಅಲ್ಲಲ್ಲಿ ತಪ್ಪಿರುತ್ತದೆ, ಅರ್ಥಕ್ಕೆ ಸಾಲುತ್ತದೆ.

ಕೊನೆಯದಾಗಿ ಒಂದು ಪುಸ್ತಕ ಹೇಳಲೇಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರೂ ಜಿಲ್ಲೆಯವರು ಒಮ್ಮೆಯಾದರೂ ತೆರೆದು ನೋಡಬೇಕಾದದ್ದು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ ಊರೂರು ಸುತ್ತಿಸಿ ಶಾಸನಗಳನ್ನು ನಕಲು ಮಾಡಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳನ್ನು ತಂದರು. ಅದರಲ್ಲಿ 12ನೆಯದು ತುಮಕೂರು ಜಿಲ್ಲೆ, ಅಚ್ಚಾದದ್ದು 1904ರಲ್ಲಿ. 10ನೆಯದು ಕೋಲಾರ, 1905ರದು. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ, ಹಾಗಾಗಿ ಅಲ್ಲಿಯವರೂ 10ನೆಯದನ್ನೇ ತೆಗೆಯಬೇಕು. ರೈಸ್ ತೀರಿಕೊಂಡಿದ್ದು 1927ರಲ್ಲಿ, ಲೆಕ್ಕ ನೀವೇ ಹಾಕಿ. ಎರಡೂ ಆರ್ಕೈವ್‌ನಲ್ಲಿ ಸಿಗುತ್ತವೆ. ಶಾಸನದ ಪಾಠ ಕನ್ನಡ ಲಿಪಿಯಲ್ಲಿದೆ, ಇಂಗ್ಲಿಷ್ ಅನುವಾದವೂ ಇದೆ. ತಾಲ್ಲೂಕುವಾರು ನಂಬರ್ ಕೊಟ್ಟಿದ್ದಾರೆ. ಹಳೆಯ ಹೆಸರುಗಳನ್ನು ನೆನಪಿಟ್ಟುಕೊಳ್ಳಿ: ಮಧುಗಿರಿ ಅಲ್ಲಿ ಮದ್ದಗಿರಿ, ಬಂಗಾರಪೇಟೆ ಅಲ್ಲಿ ಬೌರಿಂಗ್‌ಪೇಟೆ.

ಮೇಷ್ಟ್ರ ಊರು ಮಧುಗಿರಿ ತಾಲ್ಲೂಕು. ಕಗ್ಗ ಬೇಡ ಅಂದಿದ್ದಕ್ಕೆ ಬದಲಾಗಿ ದಾಬಸ್‌ಪೇಟೆ ದಾಟುವಷ್ಟರಲ್ಲಿ ಇದನ್ನು ಅವರ ಫೋನಿಗೆ ಇಳಿಸಿಕೊಟ್ಟೆ. ಅವರೂರ ಹೆಸರು ಸಿಕ್ಕಿತು, ಪಕ್ಕದಲ್ಲಿ ಒಂದು ನಂಬರು. ಮುಂದಿನ ಭಾನುವಾರ ಊರಿಗೆ ಹೋಗಿ ದೇವಸ್ಥಾನದ ಮುಂದಿನ ಕಲ್ಲಿನ ಎದುರು ಫೋನ್ ಹಿಡಿದು ನಿಂತರಂತೆ. ಚಿಕ್ಕವರಿದ್ದಾಗ ಅದರ ಮೇಲೆ ಕೂತು ಆಡುತ್ತಿದ್ದ ಕಲ್ಲು. ಕೆಳಗಿನ ಮೂರು ಸಾಲು ಪೂರ್ತಿ ಸವೆದು ಹೋಗಿದೆ. ಫೋನಿನಲ್ಲಿ ಇನ್ನೂ ಇದೆ.